ಪಾರ್ಶ್ವವಾಯುವಾದಾಗ ಮೆದುಳಿನದ್ದೇ ಗ್ಲುಟಮೇಟ್ ನರಕೋಶಗಳಿಗೆ ವಿಷವಾಗುವುದು ಹೇಗೆ?

ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಗ್ಲುಟಮೇಟನ್ನು ಕೋಶದೊಳಕ್ಕೆ ಎಳೆದುಕೊಳ್ಳಬೇಕಾದ ಸಾಗಣೆ ಪ್ರೋಟೀನುಗಳೇ (ಟ್ರಾನ್ಸ್‌ಪೋರ್ಟರ್) ಹಿಮ್ಮುಖವಾಗಿ ಓಡಿ ಅದನ್ನು ಹೊರಗೆ ಸುರಿಯುವುದು ಇದರ ಒಂದು ದೊಡ್ಡ ಕಾರಣ.

ಅಸೆಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕ ಆಗಿದ್ದರೆ ನರಸಂಧಿಯಲ್ಲೇ (ನರಕೋಶಗಳು ಸಂದೇಶ ದಾಟಿಸುವ ಎಡೆ) ಕಿಣ್ವವೊಂದು ಅದನ್ನು ಒಡೆದುಹಾಕುತ್ತಿತ್ತು. ಗ್ಲುಟಮೇಟಿಗೆ ಆ ವ್ಯವಸ್ಥೆಯಿಲ್ಲ. ಸಂದೇಶ ಮುಟ್ಟಿಸಿದ ಮೇಲೆ ಅದನ್ನು ತೆರವು ಮಾಡುವುದು ಟ್ರಾನ್ಸ್‌ಪೋರ್ಟರುಗಳೇ, ಬಹುಪಾಲು ಪಕ್ಕದ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳ ಮೇಲಿರುವಂಥವು. ಒಳಗಿನ ಗ್ಲುಟಮೇಟ್ ಹೊರಗಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿದ್ದರೂ ಇವು ಎಳೆದುಕೊಳ್ಳುತ್ತವೆ. ಪ್ರತಿ ಗ್ಲುಟಮೇಟ್ ಜೊತೆ 3 ಸೋಡಿಯಂ, 1 ಪ್ರೋಟಾನ್ ಒಳಬರುತ್ತವೆ, 1 ಪೊಟ್ಯಾಸಿಯಂ ಹೊರಹೋಗುತ್ತದೆ. ಹೊರಗೆ ಸೋಡಿಯಂ, ಒಳಗೆ ಪೊಟ್ಯಾಸಿಯಂ ಹೆಚ್ಚಿರುವ ಅಂತರವೇ ಇದರ ಬಲ. ಆ ಅಂತರವನ್ನು ಕಾಪಾಡುವುದು ಎಟಿಪಿ ಎಂಬ ಕೋಶದ ಇಂಧನವನ್ನು ಖರ್ಚುಮಾಡಿ ನಡೆಯುವ ಸೋಡಿಯಂ-ಪೊಟ್ಯಾಸಿಯಂ ಪಂಪು.

ಪಾರ್ಶ್ವವಾಯುವಿನಲ್ಲಿ ಮೆದುಳಿಗೆ ರಕ್ತ ಹರಿಯುವುದು ನಿಂತರೆ ಕೆಲವೇ ನಿಮಿಷಗಳಲ್ಲಿ ಎಟಿಪಿ ಬರಿದಾಗಿ ಪಂಪು ನಿಲ್ಲುತ್ತದೆ. ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ ಸೇರುತ್ತಾ ಹೋದಂತೆ, ಮುಖ್ಯವಾಗಿ ನರಕೋಶಗಳಲ್ಲಿ, ಟ್ರಾನ್ಸ್‌ಪೋರ್ಟರಿನ ದಿಕ್ಕು ತಿರುಗುತ್ತದೆ. ಅದೇ ಹೊತ್ತಿಗೆ ಕೋಶದ ವಿದ್ಯುದಂತರವೂ ಕುಸಿದಿರುತ್ತದೆ. ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕದ ರಂಧ್ರಕ್ಕೆ ಬಿರಡೆಯಂತೆ ಕೂತಿದ್ದ ಮೆಗ್ನೀಸಿಯಂ ಆಗ ಕಳಚುತ್ತದೆ. ಕ್ಯಾಲ್ಸಿಯಂ ನುಗ್ಗುತ್ತದೆ, ಪ್ರೋಟೀನು ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ, ಕೋಶ ಒಳಗಿಂದಲೇ ಹಾಳಾಗುತ್ತದೆ.

ಹಾಗಾದರೆ ಆ ಗ್ರಾಹಕವನ್ನೇ ಮುಚ್ಚಿದರಾಯಿತಲ್ಲ? ಅಂಥ ಔಷಧಗಳು ಪ್ರಾಣಿಗಳಲ್ಲಿ ಫಲ ಕೊಟ್ಟವು, ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಸೋತವು. ಕ್ಯಾಲ್ಸಿಯಂ ನುಗ್ಗುವುದು ಮೊದಲ ನಿಮಿಷಗಳಲ್ಲೇ ಶುರುವಾಗುತ್ತದೆ, ಔಷಧ ತಲುಪುವುದು ಗಂಟೆಗಳ ನಂತರ. ಮೇಲಾಗಿ ಆರೋಗ್ಯವಂತ ಕೋಶಗಳಿಗೂ ಅದೇ ಗ್ರಾಹಕ ಬೇಕು.