ಊರು ನಾಯಿಗಳ ಹತ್ತಿರ ಹೋಯಿತೇ?

ಪ್ರಶ್ನೆ: ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ನಮ್ಮ ತಂದೆಯವರು ಊರಿನ ಮಾತು ಬಂದಾಗಲೆಲ್ಲ ‘ದಿಸ್ ಟೌನ್ ಹ್ಯಾಸ್ ಗಾನ್ ಟು ದ ಡಾಗ್ಸ್’ ಎನ್ನುತ್ತಾರೆ. ಹೈಸ್ಕೂಲಿನಲ್ಲಿರುವ ನನ್ನ ಮಗ ಅದನ್ನು ‘ಈ ಊರು ನಾಯಿಗಳ ಹತ್ತಿರ ಹೋಗಿದೆ’ ಎಂದು ಅನುವಾದಿಸಿದ. ಇದರ ಸರಿಯಾದ ಅರ್ಥವೇನು? ಕಾಯಿಲೆ ಉಲ್ಬಣಿಸಿದಾಗಲೂ ಹೀಗೆ ಹೇಳಬಹುದೇ? ಕನ್ನಡದಲ್ಲಿ ಸಮನಾದ ಮಾತಿದೆಯೇ?
– ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ, ಕೋಲಾರ ಜಿಲ್ಲೆ

ಉತ್ತರ: ಒಂದು ಕಾಲದಲ್ಲಿ ಚೆನ್ನಾಗಿದ್ದದ್ದು ನೋಡನೋಡುತ್ತ ಕೆಟ್ಟುಹೋಯಿತು ಎಂಬುದು ಇದರ ಅರ್ಥ. ಮೊದಲಿನಿಂದಲೂ ಕಳಪೆಯಾಗಿದ್ದುದಕ್ಕೆ ಈ ಮಾತು ಹೊಂದದು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದಿದ್ದ ಊರಿನ ಗಣಿ 2001ರಲ್ಲಿ ಮುಚ್ಚಿದ್ದನ್ನು ಕಂಡವರು ಇದನ್ನು ಆಡಿದರೆ, ಅದು ಇರಬೇಕಾದ ಜಾಗದಲ್ಲೇ ಇದೆ.

ಮನುಷ್ಯರು ತಿನ್ನಲಾಗದಷ್ಟು ಕೆಟ್ಟ ಆಹಾರವನ್ನು ನಾಯಿಗಳಿಗೆ ಎಸೆಯುತ್ತಿದ್ದ ರೂಢಿಯಿಂದ ಇದು ಹುಟ್ಟಿತೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಬೆಲೆ ಬಿದ್ದ ದಿನ ಕೋಲಾರದ ಮಾರುಕಟ್ಟೆಯಿಂದ ಹಿಂದಿರುಗುವ ರೈತ ಬಾಕ್ಸುಗಟ್ಟಲೆ ಟೊಮೆಟೊವನ್ನು ರಸ್ತೆಯ ಬದಿಗೆ ಸುರಿದು, ಖಾಲಿ ಬಾಕ್ಸುಗಳನ್ನಷ್ಟೇ ಗಾಡಿಗೆ ಏರಿಸಿಕೊಂಡು ಹೋದಾಗ, ‘ಬೆಳೆಯೆಲ್ಲ ದನಗಳ ಪಾಲಾಯಿತು’ ಎನ್ನುತ್ತೇವಲ್ಲ, ಇಲ್ಲಿಯೂ ಅದೇ ತರ್ಕ.

ನಾಯಿ ಇಲ್ಲಿ ಬಹುವಚನದಲ್ಲೇ ಇರಬೇಕು, ಅದರ ಹಿಂದಿನ ‘ದ’ ಕೂಡ ಬೀಳಬಾರದು. ‘ಈಸ್ ಗೋಯಿಂಗ್’, ‘ಹ್ಯಾಸ್ ಗಾನ್’ ಎಂಬ ರೂಪಗಳೇ ಹೆಚ್ಚು ಬಳಕೆಯಲ್ಲಿವೆ. ಬ್ರಿಟನ್ನಿನಲ್ಲಿ ಮಾತ್ರ ತುಸು ಎಚ್ಚರ ಬೇಕು: ಗ್ರೇಹೌಂಡ್ ನಾಯಿಗಳ ಓಟದ ಪಂದ್ಯ ನೋಡಲು ಹೊರಟವರೂ ಅಲ್ಲಿ ಇದೇ ಮಾತನ್ನು ಹೇಳುತ್ತಾರೆ.

ಕಾಯಿಲೆಗೆ ಇದನ್ನು ಬಳಸಬೇಡಿ. ರೋಗಿಯ ಸ್ಥಿತಿ ಬಿಗಡಾಯಿಸಿದರೆ ‘ಟುಕ್ ಎ ಟರ್ನ್ ಫಾರ್ ದ ವರ್ಸ್’ ಎನ್ನುವುದು ವಾಡಿಕೆ. ಮೊದಲೇ ಕೆಟ್ಟದ್ದು ಇನ್ನಷ್ಟು ಕೆಟ್ಟರೆ ‘ಫ್ರಮ್ ಬ್ಯಾಡ್ ಟು ವರ್ಸ್’. ‘ಗಾನ್ ಟು ದ ಡಾಗ್ಸ್’ ಜಗಲಿಯ ಮೇಲೆ ಕೂತು ಗೊಣಗುವವರ ಮಾತು. ಅದರಲ್ಲಿ ಬೇಸರವೂ ತಿರಸ್ಕಾರವೂ ಬೆರೆತಿರುವುದರಿಂದ ಅರ್ಜಿಯಲ್ಲಿಯೋ ವರದಿಯಲ್ಲಿಯೋ ಬರೆಯುವಂಥದ್ದಲ್ಲ.

ಕನ್ನಡಕ್ಕೆ ತರುವಾಗ ನಾಯಿಯನ್ನು ಕಂಡ ಕೂಡಲೇ ‘ನಾಯಿಪಾಡು’ ನೆನಪಾಗುತ್ತದೆ, ಆದರೆ ಅದು ಮನುಷ್ಯರು ಪಡುವ ಪಾಡನ್ನು ಹೇಳುತ್ತದೆಯೇ ಹೊರತು ಒಂದು ಊರಿನ ಇಳಿಗತಿಯನ್ನಲ್ಲ. ‘ಹಳ್ಳ ಹಿಡಿಯಿತು’ ಎಂಬುದು ಕೈಗೊಂಡ ಕೆಲಸಕ್ಕೆ, ಯೋಜನೆಗೆ ಸಲ್ಲುತ್ತದೆ. ನನಗೆ ತೀರ ಹತ್ತಿರವೆನಿಸುವುದು ನಮ್ಮ ಕಡೆಯ ‘ಎಕ್ಕುಟ್ಟಿಹೋಯಿತು’. ಪಾಳುಬಿದ್ದ ಮನೆಯ ಅಂಗಳದಲ್ಲಿ ಎಕ್ಕದ ಗಿಡ ಹುಟ್ಟಿಕೊಳ್ಳುವುದನ್ನು ಕಂಡವರು ‘ಎಕ್ಕ ಹುಟ್ಟಿ’ ಎಂಬುದರಿಂದಲೇ ಈ ಮಾತು ಬಂತೆನ್ನುತ್ತಾರೆ. ಜನ ಬಾಳಿದ್ದ ಜಾಗ ಹಾಳಾದ ಚಿತ್ರ ಅದರಲ್ಲಿದೆ, ಇಂಗ್ಲಿಷಿನ ಮಾತಿನಲ್ಲಿರುವ ಒರಟುತನವೂ ಇದೆ. ಒರಟಾದ್ದರಿಂದಲೇ ನಿಮ್ಮ ಮಗ ಪರೀಕ್ಷೆಯಲ್ಲಿ ‘ಈ ಊರು ಹಾಳಾಗಿ ಹೋಗಿದೆ’ ಎಂದು ಬರೆಯಲಿ. ‘ಎಕ್ಕುಟ್ಟಿಹೋಯಿತು’ ಎಂಬುದನ್ನು ಅಜ್ಜನ ಎದುರಿಗೆ ಹೇಳಿ ನೋಡಲಿ.