ಮಕ್ಕಳಾದರೆ ರಾಜಕೀಯ ಬದುಕಿಗೆ ಪೆಟ್ಟು ಬೀಳುತ್ತದೆಯೇ? ಗಂಡಸರಿಗೂ ಹೆಂಗಸರಿಗೂ ಒಂದೇ ಥರಾನಾ?

ಒಂದೇ ಥರ ಅಲ್ಲ. ಬ್ರಿಟನ್ ಪ್ರಧಾನಿಗಳಾಗಿದ್ದಾಗಲೇ ಟೋನಿ ಬ್ಲೇರ್‌ಗೆ 2000ರಲ್ಲಿ, ಡೇವಿಡ್ ಕ್ಯಾಮರಾನ್‌ಗೆ 2010ರಲ್ಲಿ ಮಗು ಹುಟ್ಟಿತು. ಅವರ ಕುರ್ಚಿಗೆ ಏನೂ ಆಗಲಿಲ್ಲ. ಫೋಟೋಗಳು ಬಂದವು, ಅಷ್ಟೇ.

ಈಗ ನ್ಯೂಜಿಲೆಂಡ್‌ನ ಜಸಿಂಡಾ ಆರ್ಡರ್ನ್ ಅವರನ್ನು ನೋಡಿ. 2017ರಲ್ಲಿ ಪಕ್ಷದ ನಾಯಕಿಯಾದ ಕೆಲವೇ ಗಂಟೆಗಳಲ್ಲಿ ಟಿವಿಯವರು ಮಕ್ಕಳ ಬಗ್ಗೆ ಕೇಳಿದರು. ಆಗಿನ್ನೂ ಅವರಿಗೆ ಮಗುವೇ ಇರಲಿಲ್ಲ! 2018ರಲ್ಲಿ ಪ್ರಧಾನಿಯಾಗಿದ್ದಾಗ ಹೆತ್ತರು, ಆರು ವಾರ ರಜೆ ತೆಗೆದುಕೊಂಡರು. ಆಮೇಲೆ ಮಗುವನ್ನು ಮನೆಯಲ್ಲಿ ನೋಡಿಕೊಂಡಿದ್ದು ಅವರ ಸಂಗಾತಿ. ಇಂಥ ಅನುಕೂಲ ಎಷ್ಟು ಹೆಂಗಸರಿಗಿದೆ ಹೇಳಿ?

ಹಾಗಂತ ಮಕ್ಕಳಿಲ್ಲದಿದ್ದರೆ ಬಚಾವ್ ಅಂದುಕೊಳ್ಳಬೇಡಿ. ಮುಂದೆ ಆಸ್ಟ್ರೇಲಿಯಾದ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ ಬೇಕಂತಲೇ ಬಂಜೆಯಾಗಿ ಉಳಿದವರು ಎಂದು 2007ರಲ್ಲಿ ಒಬ್ಬ ಸೆನೆಟರ್ ಹೀಯಾಳಿಸಿದ್ದರು.

ನನ್ನ ಪ್ರಕಾರ ಜನರ ಬಾಯಿಗಿಂತ ಜಾಸ್ತಿ ಕಾಟ ಕೊಡುವುದು ಸದನದ ನಿಯಮಗಳು. 2019ರ ಜನವರಿಯಲ್ಲಿ ಬ್ರಿಟನ್ ಸಂಸದೆ ಟುಲಿಪ್ ಸಿದ್ದಿಕ್ ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಕುರಿತ ಮತದಾನಕ್ಕಾಗಿ ಸಿಸೇರಿಯನ್ ಮುಂದೂಡಿ, ವೀಲ್‌ಚೇರ್‌ನಲ್ಲಿ ಬಂದರು. ಅದೇ ತಿಂಗಳ ಕೊನೆಗೆ, ಹೆರಿಗೆ ರಜೆಯಲ್ಲಿರುವವರ ಪರವಾಗಿ ಬೇರೊಬ್ಬ ಸದಸ್ಯರು ಮತ ಹಾಕುವ ವ್ಯವಸ್ಥೆ ಅಲ್ಲಿ ಶುರುವಾಯಿತು. ಹೊಸದಾಗಿ ಅಪ್ಪಂದಿರಾದ ಸಂಸದರಿಗೂ ಅದು ಸಿಕ್ಕಿತು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಶಾಸಕಿ ಸರೋಜ್ ಅಹಿರೆ 2022ರ ಡಿಸೆಂಬರ್‌ನಲ್ಲಿ ಎಳೆಗೂಸನ್ನು ಎತ್ತಿಕೊಂಡೇ ನಾಗ್ಪುರ ಅಧಿವೇಶನಕ್ಕೆ ಬಂದಿದ್ದರು.