ತುಮಕೂರಿನ ಕಾಲೇಜು ಕ್ರೀಡಾ ತರಬೇತುದಾರರು ಕಾರ್ಮಿಕ ಸಂಘ ಕಟ್ಟಿಕೊಳ್ಳಬೇಕೇ?

ಸಂಘ ಬೇಕು. ಆದರೆ ಅದು ಕಾರ್ಮಿಕ ಸಂಘವೇ ಆಗಬೇಕೆಂಬ ಹಟ ಬೇಡ.

ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲೇ ಇದೆ. ತೊಡಕು ಶುರುವಾಗುವುದು ಆಮೇಲೆ. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಯನ್ನೂ, ಆಗಿನ ಕೈಗಾರಿಕಾ ವಿವಾದ ಕಾಯ್ದೆ ಅನ್ವಯಿಸುತ್ತಿದ್ದ ‘ಉದ್ಯಮ’ದ ವ್ಯಾಪ್ತಿಗೆ ತಂದಿತು. ಹಾಗಾದರೆ ಮೇಷ್ಟ್ರು ಕಾರ್ಮಿಕರಾದರೇ? ಇಲ್ಲ. 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಅದೇ ಕೋರ್ಟ್, ಪಾಠ ಹೇಳುವವರು ಅದೇ ಕಾಯ್ದೆಯ ಪ್ರಕಾರ ‘ಕಾರ್ಮಿಕ’ರಲ್ಲ ಎಂದಿತು. ಅಂದರೆ ಕಾಲೇಜಿನ ಗುಮಾಸ್ತರಿಗೆ ತೆರೆದ ಲೇಬರ್ ಕೋರ್ಟಿನ ಬಾಗಿಲು ಮೇಷ್ಟ್ರಿಗೆ ಮುಚ್ಚಿತು!

ತರಬೇತುದಾರರು ಯಾವ ಕಡೆ? 2023ರಲ್ಲಿ ಮಧ್ಯಪ್ರದೇಶದ ವಿಶ್ವವಿದ್ಯಾಲಯವೊಂದರ ಕ್ರೀಡಾ ಅಧಿಕಾರಿ, ನಿವೃತ್ತಿ ವಯಸ್ಸಿನ ವಿಚಾರಕ್ಕೆ ಸುಪ್ರೀಂ ಕೋರ್ಟ್‌ಗೆ ಹೋಗಿ ‘ಶಿಕ್ಷಕ’ ಎನಿಸಿಕೊಂಡು ಗೆದ್ದರು. ಗೌರವವೇನೋ ಸಿಕ್ಕಿತು. ನಾಳೆ ಆಡಳಿತ ಮಂಡಳಿಯ ವಕೀಲರು ಇದೇ ತೀರ್ಪು ಹಿಡಿದು ‘ಇವರು ಕಾರ್ಮಿಕರಲ್ಲ’ ಎನ್ನಬಹುದು.

ನಮ್ಮಲ್ಲಿ ಇನ್ನೊಂದು ಪೇಚಿದೆ. ಸರ್ಕಾರಿ ಕಾಲೇಜಿನ ಕಾಯಂ ದೈಹಿಕ ಶಿಕ್ಷಣ ನಿರ್ದೇಶಕರಿಗೂ, ಅಂತರ ಕಾಲೇಜು ಪಂದ್ಯಾವಳಿ ಹತ್ತಿರ ಬಂದಾಗಷ್ಟೇ ಖೊಖೊ, ವಾಲಿಬಾಲ್ ಹುಡುಗರನ್ನು ತಯಾರು ಮಾಡಲು ಕರೆಸಿಕೊಳ್ಳುವ ಕೋಚ್‌ಗೂ ಕಷ್ಟ ಒಂದೇ ಅಲ್ಲ. ಮೊದಲನೆಯವರಿಗೆ ಬಡ್ತಿಯ ಚಿಂತೆ, ಎರಡನೆಯವರ ಕೈಯಲ್ಲಿ ನೇಮಕಾತಿ ಪತ್ರವೂ ಇರದಿರಬಹುದು. ಸಂಘ ತುರ್ತಾಗಿ ಬೇಕಿರುವುದು ಇವರಿಗೇ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ 7 ಜನರಿದ್ದರೂ ಸಾಕು. ಅಲ್ಲಿಂದ ಶುರು ಮಾಡಿ, ಅತಿಥಿ ಉಪನ್ಯಾಸಕರ ಜೊತೆ ಕೈಜೋಡಿಸಿ. ಮೊದಲ ಬೇಡಿಕೆ ಸಂಬಳ ಹೆಚ್ಚಳವಲ್ಲ, ಬರವಣಿಗೆಯಲ್ಲಿ ನೇಮಕಾತಿ ಆದೇಶ.